ನ್ಯೂರೆಂಬರ್ಗಿನ ನೆಲಮಾಳಿಗೆಗೆ ಇಳಿಯುವ ಮುನ್ನ

ಜರ್ಮನಿಯ ನ್ಯೂರೆಂಬರ್ಗಿಗೆ ಹೋದರೆ ಹಳೇ ಕಾಲದ ಸೊಗಡಿನ ನೆಲಮಾಳಿಗೆ ಪಬ್ಬೊಂದಕ್ಕೆ ಖಂಡಿತ ಇಳಿಯಿರಿ. ಬೇಸಿಗೆಯಾದರೂ ಸ್ವೆಟರ್ ಜೊತೆಗಿರಲಿ. ಗೋಡೆಯ ಕತ್ತಿ–ಗುರಾಣಿಗಳು ಈಚಿನವಿರಬಹುದು, ನೆಲದಡಿಯ ಕಥೆ ಮಾತ್ರ ನಿಜಕ್ಕೂ ಹಳೆಯದು. ಬಿಯರ್ ತಯಾರಿಸಿ ಮಾರುವವರಿಗೆ 10 ಅಡಿ ಆಳ, 16 ಅಡಿ ಅಗಲದ ಸ್ವಂತ ನೆಲಮಾಳಿಗೆ ಇರಲೇಬೇಕೆಂಬ ಕಟ್ಟಳೆ 1380ರ ದಾಖಲೆಯಲ್ಲೇ ಇದೆ. ಅದಕ್ಕೆಂದೇ ಕೋಟೆಗುಡ್ಡದ ಮರಳುಗಲ್ಲನ್ನು ಕೊರೆದರು. ಊರಿನ ಕೆಂಪು ಬಿಯರ್ ‘ರೋಟ್‌ಬಿಯರ್’ ಸಿಕ್ಕರೆ ಬಿಡಬೇಡಿ. ‘ಸ್ಟಾಮ್‌ಟಿಶ್’ ಎಂದು ಫಲಕವಿಟ್ಟ ಮೇಜು ಖಾಯಂ ಗಿರಾಕಿಗಳದ್ದು, ಅಲ್ಲಿ ಕೂರಬೇಡಿ. ಸಸ್ಯಾಹಾರಿಗಳೇ, ಹುಳಿ ಎಲೆಕೋಸನ್ನು ಹಂದಿಮಾಂಸದ ಚೂರು ಹಾಕಿ ಬೇಯಿಸುವುದುಂಟು, ವಿಚಾರಿಸಿಯೇ ತಿನ್ನಿ. ಚೀಸು, ಬೆಣ್ಣೆ, ಕೆಂಪು ಪ್ಯಾಪ್ರಿಕಾ ಪುಡಿ ಕಲಸಿದ ‘ಒಬಾಟ್ಸ್ಡ’ ಬ್ರೆಡ್ಡಿಗೆ ಬಲು ಸೊಗಸು. ನಗದು ಇಟ್ಟುಕೊಂಡಿರಿ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರದೆ, ಬಿಲ್ ಕೊಡುವಾಗಲೇ ಸೇರಿಸಿ ಮೊತ್ತ ಹೇಳಿಬಿಡಿ.