ಬಾಣಂತಿಯ ಹೃದಯಕ್ಕೂ ಆರೈಕೆ ಬೇಕು

ಬಸಿರಿನಲ್ಲಿ ಹೆಣ್ಣಿನ ಹೃದಯಕ್ಕೆ ಏನಾಗುತ್ತದೆ? ಅಲ್ಲಿಂದಲೇ ಶುರು ಮಾಡೋಣ. ಇದನ್ನು ತಿಳಿಯಲು ನಿಮಗೆ ವೈದ್ಯಶಾಸ್ತ್ರ ಗೊತ್ತಿರಬೇಕಿಲ್ಲ. ಮಗುವಿಗೂ ಸಾಲುವಂತೆ ತಾಯಿಯ ಮೈಯಲ್ಲಿ ರಕ್ತ ಹೆಚ್ಚುತ್ತಾ ಹೋಗುತ್ತದೆ. ಏಳೆಂಟು ತಿಂಗಳಾಗುವಷ್ಟರಲ್ಲಿ ಮೊದಲಿಗಿಂತ ಶೇ. 40ರಿಂದ 50ರಷ್ಟು ಜಾಸ್ತಿ. ಅಷ್ಟನ್ನೂ ಮೈಗೆಲ್ಲ ಹರಿಸಬೇಕಾದ್ದು ಅದೇ ಒಂದು ಹೃದಯ. ನಾಡಿಬಡಿತವೂ ನಿಮಿಷಕ್ಕೆ 10ರಿಂದ 20ರಷ್ಟು ಏರುತ್ತದೆ. ಹಾಗಾಗಿ ಮೆಟ್ಟಿಲು ಹತ್ತಿದಾಗ ಏದುಸಿರು, ಸಂಜೆಯ ವೇಳೆಗೆ ಪಾದದಲ್ಲಿ ತುಸು ಬಾವು ಕಂಡರೆ ಗಾಬರಿ ಬೇಡ.

ಹೆರಿಗೆಯಾದರೆ ಭಾರ ಇಳಿಯಿತು ಎನ್ನುತ್ತೇವೆ. ಹೃದಯದ ಮಟ್ಟಿಗೆ ಇದು ಕೂಡಲೇ ಆಗುವುದಿಲ್ಲ. ಮಗು ಹೊರಬಂದೊಡನೆ ಗರ್ಭಕೋಶ ಕುಗ್ಗಿ, ಅಲ್ಲಿದ್ದ ರಕ್ತ ಒಮ್ಮೆಲೇ ತಾಯಿಯ ಹೃದಯದತ್ತ ಮರಳುತ್ತದೆ. ಮೊದಲೇ ಬಳಲಿದ ಹೃದಯಕ್ಕೆ ಆ ಒಂದೆರಡು ದಿನ ಬಹಳ ಕಷ್ಟದವು. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ, ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು, ಕಿರಿದಾಗಿರುವವರು ನಮ್ಮಲ್ಲಿ ಈಗಲೂ ಇದ್ದಾರೆ. ಎಷ್ಟೋ ಮಂದಿಗೆ ಅದು ಗೊತ್ತಾಗುವುದೇ ಬಸಿರಾದಾಗ.

ಹಿಂದೆ ಯಾವ ತೊಂದರೆಯೂ ಇಲ್ಲದವರಿಗೂ ಬರಬಹುದಾದ ಕಾಯಿಲೆ ಒಂದಿದೆ: ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಬಸಿರಿನ ಕೊನೆಯ ತಿಂಗಳಲ್ಲೋ ಹೆರಿಗೆಯಾದ ಐದು ತಿಂಗಳೊಳಗೋ ಹೃದಯದ ಸ್ನಾಯು ಸೋತು, ರಕ್ತ ತಳ್ಳುವ ಶಕ್ತಿ ಕುಂದುತ್ತದೆ. ಇದು ಅಪರೂಪ, ಆದರೆ ಕಣ್ತಪ್ಪುವುದು ಸುಲಭ. ಬಾಣಂತಿ ಅಂಗಾತ ಮಲಗಲಾರಳು. ಮಲಗಿದರೆ ಒಣಕೆಮ್ಮು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಾಳೆ. "ನಿದ್ದೆಗೆಟ್ಟಿದ್ದಾಳೆ, ಥಂಡಿಯಾಗಿರಬೇಕು" ಎಂದು ಮನೆಯವರು ಅಕ್ಕರೆಯಿಂದಲೇ ಕಷಾಯ ಕೊಡುತ್ತಾರೆ. ನೀವು ಒಂದೇ ಪ್ರಶ್ನೆ ಕೇಳಿ: "ಎಷ್ಟು ದಿಂಬು ಇಟ್ಟುಕೊಂಡರೆ ನಿದ್ದೆ ಬರುತ್ತೆ?" ಒಂದು ದಿಂಬು ಸಾಲುತ್ತಿದ್ದವಳಿಗೆ ಈಗ ಮೂರು ಬೇಕಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಕೋ ಪರೀಕ್ಷೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೋರಿಸುತ್ತದೆ. ನೋವಿಲ್ಲ, ಬಸುರಿಗೂ ಸುರಕ್ಷಿತ. ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಅನೇಕರು ಚೇತರಿಸಿಕೊಳ್ಳುತ್ತಾರೆ.

ಇನ್ನು ಬಿಪಿ. ಅದು 140/90 ಮುಟ್ಟಿದರೆ ವೈದ್ಯರಿಗೆ ತಿಳಿಸಲೇಬೇಕು. ಹೆರಿಗೆಯ ನಂತರದ ಮೊದಲ ವಾರದಲ್ಲೂ ಅದು ಏರಬಹುದು. ಬಸಿರಿನಲ್ಲಿ ಬಿಪಿ ಹೆಚ್ಚಾಗಿದ್ದವರಿಗೆ ಮುಂದೆ ಹೃದ್ರೋಗದ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಮಗುವಿನ ಲಸಿಕೆ ಮುಗಿಯಿತೆಂದು ತಾಯಿ ಕಾರ್ಡ್, ಅಂದರೆ ಬಸಿರಿನ ತಪಾಸಣೆಯ ವಿವರ ಬರೆದಿಡುವ ಚೀಟಿ, ಎಸೆಯಬೇಡಿ. ಎಷ್ಟು ವರ್ಷ ಕಳೆದರೂ ಅದರಲ್ಲಿನ ಬಿಪಿ ವಿವರವನ್ನು ವೈದ್ಯರಿಗೆ ತೋರಿಸಿ.

ಉಸಿರಾಡಲಾಗದೆ ಎದ್ದು ಕೂತ ಬಾಣಂತಿಯನ್ನು ಬೆಳಗಾಗುವವರೆಗೆ ಕಾಯಿಸಬೇಡಿ. 108ಕ್ಕೆ ಕರೆ ಮಾಡಿ, ಹೆರಿಗೆಯಾಗಿ ಎಷ್ಟು ದಿನವಾಯಿತು ಎಂಬುದನ್ನು ಮೊದಲು ಹೇಳಿ.