ಹುಟ್ಟಿನೊಂದಿಗೆ ಬರುವ ಸಂಖ್ಯೆ: ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ರಾಜ್ಯಶಾಸ್ತ್ರದ ತರಗತಿಯಲ್ಲಿ ಪೌರತ್ವದ ಪಾಠ ಬಂದಾಗ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ: ನೀವು ಯಾರು, ಯಾವಾಗ ಹುಟ್ಟಿದಿರಿ, ಎಲ್ಲಿ ಹುಟ್ಟಿದಿರಿ ಎಂಬುದಕ್ಕೆ ನಿಮ್ಮ ಹತ್ತಿರ ಏನು ದಾಖಲೆ ಇದೆ? ಹೆಚ್ಚು ಕಡಿಮೆ ಎಲ್ಲರೂ ಆಧಾರ್ ಎನ್ನುತ್ತಾರೆ. ಮೊದಲ ಭಾಗಕ್ಕೆ ಆ ಉತ್ತರ ಸರಿ. ಉಳಿದ ಎರಡಕ್ಕೆ ಸರಿಯಲ್ಲ. ಸಿಇಟಿ, ವಿದ್ಯಾರ್ಥಿವೇತನ, 371 (ಜೆ) ಪ್ರಮಾಣಪತ್ರ ಎಂದು ಓಡಾಡುವ ದಿನ ಬರುವ ಮೊದಲೇ ಈ ವ್ಯತ್ಯಾಸ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದೇಶದ ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ ಕೊಟ್ಟರು. ಅದರ 12 ಅಂಕಿಗಳಲ್ಲಿ ಜಾತಿ, ಧರ್ಮ, ಊರು, ಹುಟ್ಟಿದ ದಿನ ಯಾವುದೂ ಅಡಗಿಲ್ಲ. ಕೊನೆಯ ಅಂಕಿ ಮಾತ್ರ ಸಂಖ್ಯೆ ತಪ್ಪಾಗಿ ಬರೆದಿದ್ದರೆ ಹಿಡಿಯಲು ಇರುವ ತಾಳೆ ಅಂಕಿ. ಎಸ್ಟೋನಿಯಾ ದೇಶದಲ್ಲಿ ಮಗು ಹುಟ್ಟಿದ ಕೂಡಲೇ 11 ಅಂಕಿಗಳ ಸಂಖ್ಯೆ ಸಿಗುತ್ತದೆ. ಅದನ್ನು ನೋಡಿದರೆ ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಎಂಬುದು ಸಹ ತಿಳಿಯುತ್ತದೆ. ಏನನ್ನೂ ಹೇಳದ ನಮ್ಮ ಸಂಖ್ಯೆಯೇ ಮೇಲು ಎಂದು ನನಗನಿಸುತ್ತದೆ.

ನಮ್ಮಲ್ಲಿಯೂ ಈಗ ಹಸುಗೂಸಿಗೇ ಆಧಾರ್ ಮಾಡಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ. ಫೋಟೋ ತೆಗೆದು, ತಾಯಿ ಅಥವಾ ತಂದೆಯ ಆಧಾರ್‌ಗೆ ಜೋಡಿಸಿ ನೀಲಿ ಕಾರ್ಡ್ ಕೊಡುತ್ತಾರೆ. 5 ತುಂಬಿದ ಮೇಲೊಮ್ಮೆ, 15 ತುಂಬಿದ ಮೇಲೊಮ್ಮೆ ಬೆರಳಚ್ಚು ಕೊಡಬೇಕು. ಎರಡನೆಯದನ್ನು ಇನ್ನೂ ಕೊಡದವರು ಪಿಯು ಓದುವವರಲ್ಲಿ ಇರುತ್ತಾರೆ; ನೀವು ಅವರಲ್ಲೊಬ್ಬರಾದರೆ ಪರೀಕ್ಷೆಯ ಗಡಿಬಿಡಿಗೆ ಮುಂಚೆ ಮುಗಿಸಿಕೊಳ್ಳಿ.

ಆದರೆ ಆಧಾರ್ ಕಾಯ್ದೆಯ 9ನೇ ಕಲಮೇ ಈ ಸಂಖ್ಯೆ ಪೌರತ್ವಕ್ಕೂ ವಾಸಸ್ಥಳಕ್ಕೂ ಪುರಾವೆಯಲ್ಲ ಎನ್ನುತ್ತದೆ. ವಯಸ್ಸಿಗೂ ಅದು ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿ, ಶಾಲೆಯ ವರ್ಗಾವಣೆ ಪತ್ರದಲ್ಲಿದ್ದ ತಾರೀಖನ್ನೇ ಹಿಡಿಯಿತು. ಹುಟ್ಟನ್ನು ಸಾಬೀತುಪಡಿಸುವುದು ಬೇರೆ ಪುಸ್ತಕ: 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಬರೆಯುವ ರಿಜಿಸ್ಟರ್. ಹುಟ್ಟಿದ 21 ದಿನದೊಳಗೆ ಬರೆಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. 2023ರ ತಿದ್ದುಪಡಿಯ ನಂತರ ಇದರ ತೂಕ ಇನ್ನೂ ಹೆಚ್ಚಿದೆ. ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಲೈಸೆನ್ಸ್, ಸರ್ಕಾರಿ ನೌಕರಿ, ಮದುವೆ ನೋಂದಣಿ, ಆಧಾರ್ ಕೂಡ, ಎಲ್ಲಕ್ಕೂ ಹುಟ್ಟಿದ ದಿನ, ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ನಿಮ್ಮ ಮನೆಯ ಪುಟ್ಟ ತಮ್ಮ ತಂಗಿಯರು ಈ ಲೆಕ್ಕಕ್ಕೆ ಸೇರುತ್ತಾರೆ.

ನಮ್ಮ ತಾಲ್ಲೂಕುಗಳಲ್ಲಿ ತೊಡಕಾಗುವುದು ಇಲ್ಲೇ. ಬಸವಕಲ್ಯಾಣದಿಂದ ಉಮರ್ಗಾ ದೂರವಲ್ಲ, ಹುಮನಾಬಾದಿನಿಂದ ಜಹೀರಾಬಾದ್ ಒಂದೇ ಹೆದ್ದಾರಿಯಲ್ಲಿದೆ. ಮೊದಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ತಂದೆಯ ಊರು ಲೆಕ್ಕಕ್ಕಿಲ್ಲ. ಹೀಗಾಗಿ ಜೀವನಪೂರ್ತಿ ಬಸವಕಲ್ಯಾಣದಲ್ಲಿ ಬೆಳೆದ ಹುಡುಗಿಯ ಜನನ ಪತ್ರ ಮಹಾರಾಷ್ಟ್ರದ್ದಾಗಿರುತ್ತದೆ. ಅದರಿಂದ ಅವಳ ಹಕ್ಕು ಹೋಗುವುದಿಲ್ಲ: ಸಂವಿಧಾನದ 371 (ಜೆ) ವಿಧಿ ಈ ಭಾಗದ ವಿದ್ಯಾರ್ಥಿಗಳನ್ನು ‘ಜನನದಿಂದ ಅಥವಾ ವಾಸದಿಂದ’ ಎಂದು ಎರಡು ದಾರಿಯಲ್ಲಿ ಗುರುತಿಸುತ್ತದೆ. ಆದರೆ ಅವಳು ಎರಡನೇ ದಾರಿಯ ಕಾಗದಗಳನ್ನು ಕೂಡಿಸಬೇಕು. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಇನ್ನು ಹೆಸರು. ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರಿಡುವುದು ಸಾಮಾನ್ಯವಾಗಿ ಏಳನೇ ದಿನದ ಅಕೀಕಾ ಹೊತ್ತಿಗೆ. ಆಸ್ಪತ್ರೆಯವರು ಅದಕ್ಕೂ ಮೊದಲೇ ವರದಿ ಕಳಿಸಿರುತ್ತಾರೆ, ರಿಜಿಸ್ಟರಿನಲ್ಲಿ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಕಾಯ್ದೆಯ 14ನೇ ಕಲಮು ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಟ್ಟಿದೆ. ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. ಹಲವರು ಸೇರಿಸುವುದೇ ಇಲ್ಲ. ಸೇರಿಸಿದರೂ ಉರ್ದು ಹೆಸರು ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಮೂರು ರೂಪ ತಾಳುತ್ತದೆ. ಮೊಹಮ್ಮದ್ ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಎಂ.ಡಿ., ಮತ್ತೊಂದು ಕಡೆ ಎಂ.ಒ.ಎಚ್.ಡಿ. ಫಾತಿಮಾ ಬೇಗಂ ಶಾಲೆಯಲ್ಲಿ ಫಾತಿಮಾ ಬೀ. ಇದು ನಮ್ಮವರದೊಂದೇ ಪಾಡಲ್ಲ. ಬಸವರಾಜ ಎಂಬುದನ್ನು ಈ ಭಾಗದಲ್ಲಿ ಇಂಗ್ಲಿಷಿನ ‘ವಿ’ ಹಾಕಿಯೂ ಬರೆಯುತ್ತಾರೆ, ‘ಡಬ್ಲ್ಯು’ ಹಾಕಿಯೂ ಬರೆಯುತ್ತಾರೆ. ಓದುವವರಿಗೆ ಒಬ್ಬನೇ ಬಸವರಾಜ, ಕಂಪ್ಯೂಟರಿಗೆ ಇಬ್ಬರು.

ಹೆಸರು ಹೊಂದಿಸಬೇಕೆಂದರೆ ಬಹುತೇಕರು ಮೊದಲು ಆಧಾರ್ ಕೇಂದ್ರಕ್ಕೆ ಓಡುತ್ತಾರೆ. ಅದು ಉಲ್ಟಾ ದಾರಿ. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ, ಹುಟ್ಟಿದ ದಿನವನ್ನು ಒಂದೇ ಸಲ ತಿದ್ದಲು ಅವಕಾಶ. ಆ ಅವಕಾಶ ಮುಗಿಸಿಕೊಳ್ಳುವ ಮೊದಲು ಜನನ ಪತ್ರ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ತಪ್ಪು ಜನನ ರಿಜಿಸ್ಟರಿನಲ್ಲೇ ಇದ್ದರೆ 15ನೇ ಕಲಮಿನಂತೆ ರಿಜಿಸ್ಟ್ರಾರರು ಮೂಲ ಬರಹವನ್ನು ಅಳಿಸದೆ, ಅಂಚಿನಲ್ಲಿ ಸರಿಯಾದುದನ್ನು ಬರೆದು, ಸಹಿ ಮಾಡಿ ತಾರೀಖು ಹಾಕುತ್ತಾರೆ. ಮೂಲ ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು ಎಂಬ ಈ ಹಳೆಯ ಪದ್ಧತಿ ನನಗೆ ಬಹಳ ಹಿಡಿಸುತ್ತದೆ.

ಕೊನೆಗೆ ಒಪ್ಪಿಗೆಯ ವಿಷಯ. ಹುಟ್ಟಿನಲ್ಲೇ ಕೊಡುವ ಸಂಖ್ಯೆಗೆ ಮಗುವಿನ ಒಪ್ಪಿಗೆ ಎಲ್ಲಿಂದ ಬರಬೇಕು? ತಂದೆ ತಾಯಿ ಕೊಡುತ್ತಾರೆ. ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಉಳಿಸಿಕೊಂಡಿತು. ಜೊತೆಗೆ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ, ಮಕ್ಕಳು ದೊಡ್ಡವರಾದ ಮೇಲೆ ಹೊರಬರುವ ಆಯ್ಕೆ ಇರಬೇಕು ಎಂದಿತು. ಅದರಂತೆ 2019ರಲ್ಲಿ ಕಾಯ್ದೆಗೆ 3ಎ ಕಲಮು ಸೇರಿತು: 18 ತುಂಬಿದ ಆರು ತಿಂಗಳೊಳಗೆ ತನ್ನ ಸಂಖ್ಯೆಯನ್ನು ರದ್ದು ಮಾಡುವಂತೆ ಅರ್ಜಿ ಹಾಕಬಹುದು. ಹಾಕಿ ಎಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿವೇತನ, ಪಡಿತರ ಎಲ್ಲವೂ ಅದಕ್ಕೆ ಜೋಡಿಸಿಕೊಂಡಿವೆ. ವಿದ್ಯಾರ್ಥಿಗಳಿಗೆಂದು ಬಂದಿರುವ 12 ಅಂಕಿಗಳ ‘ಅಪಾರ್’ ಸಂಖ್ಯೆಗೂ ಪೋಷಕರ ಒಪ್ಪಿಗೆ ಪತ್ರ ಬೇಕು. ಆ ನಮೂನೆ ನಿಮ್ಮ ಮನೆಗೆ ಬಂದರೆ ಅಬ್ಬಾ ಸಹಿ ಮಾಡುವ ಮೊದಲು ನೀವು ಗಟ್ಟಿಯಾಗಿ ಓದಿ ಹೇಳಿ, ಅಮ್ಮಿಯೂ ಕೇಳಲಿ.