ಮನೆಯೊಳಗಿನ ರೇಡಾನ್ ಅನಿಲ: ಸದಸ್ಯರು ಅರಿತಿರಬೇಕಾದ ಅಂಶಗಳು

ಗ್ರಾನೈಟ್‌ನಂತಹ ಶಿಲೆಗಳಲ್ಲಿರುವ ಯುರೇನಿಯಂ ಕ್ಷಯಿಸುವ ಸರಣಿಯಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲವು ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಉಪಕರಣದಿಂದ ಮಾತ್ರ ಅಳೆಯಬಹುದು. ಬಯಲಿನಲ್ಲಿ ಚದುರಿಹೋಗುವ ಈ ಅನಿಲವು ನೆಲದ ಬಿರುಕುಗಳ ಮೂಲಕ ಮನೆಯನ್ನು ಪ್ರವೇಶಿಸಿ, ಗಾಳಿಯಾಡದ ಕೋಣೆಗಳಲ್ಲಿ ಶೇಖರಗೊಳ್ಳುತ್ತದೆ.

ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನದ ನಂತರದ ಪ್ರಮುಖ ಕಾರಣಗಳಲ್ಲಿ ರೇಡಾನ್ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಧೂಮಪಾನಿಗಳಿಗೆ ಅಪಾಯವು ಇನ್ನೂ ಅಧಿಕ. ಮನೆಯ ಗಾಳಿಯಲ್ಲಿ ಪ್ರತಿ ಘನ ಮೀಟರ್‌ಗೆ 100 ಬೆಕರೆಲ್ ಎಂಬ ಮಾರ್ಗದರ್ಶಿ ಮಟ್ಟವನ್ನು ಸಂಸ್ಥೆಯು ಸೂಚಿಸಿದೆ.

ಅನುಸರಿಸಬೇಕಾದ ಕ್ರಮಗಳು:
1. ವಸತಿ ಯೋಜನೆಯ ಮನೆಗಳಲ್ಲಿ ಎದುರುಬದುರು ಕಿಟಕಿಗಳಿರುವಂತೆ ನೋಡಿಕೊಳ್ಳುವುದು.
2. ನೆಲ ಹಾಗೂ ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸುವುದು.
3. ಕೊಳವೆಬಾವಿಯ ನೀರಿನಲ್ಲಿಯೂ ರೇಡಾನ್ ಕರಗಿರಬಹುದಾದ್ದರಿಂದ, ನೀರನ್ನು ಗಾಳಿಯಾಡುವ ತೊಟ್ಟಿಯಲ್ಲಿ ಸಂಗ್ರಹಿಸಿ ಪೂರೈಸುವುದು.
4. ಗ್ರಾಮಸಭೆಯಲ್ಲಿ ಈ ಕುರಿತು ತಿಳಿವಳಿಕೆ ನೀಡುವುದು.